ಕೌದಿಯ ನಾಲ್ಕನೆಯ ಮೂಲೆ

ಆ ಊರಿಗೆ ಕಾಲಿಟ್ಟ ದಿನ ನಾನು ಮೊದಲು ತಲುಪಿದ್ದು ಸುಣ್ಣದ ಭಟ್ಟಿಯ ಹಿಂಬದಿಗೆ. ಅದಕ್ಕೆ ನನ್ನ ನಾಲಿಗೆಯನ್ನಲ್ಲದೆ ಬೇರೆ ಯಾರನ್ನೂ ದೂರುವಂತಿರಲಿಲ್ಲ. ಚೌಕದಲ್ಲಿ ಚಹಾದಂಗಡಿ ಇಟ್ಟುಕೊಂಡಿದ್ದ ದಸ್ತಗೀರ್ ಸಾಹೇಬರು ಎಲ್ಲವನ್ನೂ ಸರಿಯಾಗಿಯೇ ತಿಳಿಸಿದ್ದರು: ಇಲ್ಲಿ ಯಾರನ್ನೂ ದಾರಿ ಕೇಳುವ ಪದ್ಧತಿಯಿಲ್ಲ, ಬೇಕಾದದ್ದನ್ನು ಬಾಯಿಬಿಟ್ಟು ಹೇಳಿ ನಡೆಯತೊಡಗಿದರೆ ಓಣಿಗಳೇ ಕರೆದುಕೊಂಡು ಹೋಗುತ್ತವೆ. ನಾನೋ ಬಸ್‌ ನಿಲ್ದಾಣಗಳ ಬಾಡಿಗೆ ಕಾದಂಬರಿಗಳಲ್ಲಿ ಭಾಷೆ ಕಲಿತವನು. ಚೌಕದ ನಡುವೆ ನಿಂತು, ಜಠರಾಗ್ನಿಯಲ್ಲಿ ದಹಿಸುತ್ತಿರುವ ಈ ಪಥಿಕನಿಗೊಂದು ಆಸರೆ ಬೇಕು ಎಂದು ಗಂಭೀರವಾಗಿ ಘೋಷಿಸಿದೆ. ಓಣಿ ಬೆಂಕಿಯ ಮಾತನ್ನಷ್ಟೇ ಹಿಡಿದುಕೊಂಡು ನನ್ನನ್ನು ಭಟ್ಟಿಯ ಬಳಿ ಬಿಟ್ಟಿತು. ಹುಬ್ಬಿನ ತುಂಬ ಸುಣ್ಣದ ಪುಡಿ ಮೆತ್ತಿಕೊಂಡು ಹಿಂತಿರುಗಿದಾಗ ದಸ್ತಗೀರ್ ಸಾಹೇಬರು ಗ್ಲಾಸು ತೊಳೆಯುತ್ತ, "ಕಾದಂಬರಿ ಸಾಹೇಬ್ರ, ಓಣಿ ನಿಮ್ಮಷ್ಟು ಓದಿಲ್ಲ. ಹಸಿವ್ಯಾಗೈತಿ ಅನ್ರಿ ಸಾಕು," ಎಂದರು. ಹಾಗೆಯೇ ಅಂದೆ. ಒಂದು ತಿರುವು ದಾಟುವುದರೊಳಗೆ ಖಾನಾವಳಿಯೊಂದು ಎದುರಾಯಿತು. ಅದರ ಫಲಕದ ಮೇಲೆ, ಹಸಿವಾದವರು ಬರ್ರಿ, ರೊಟ್ಟಿ ಬಿಸಿ ಇರ್ತಾವ ಎಂದು ಬರೆದಿತ್ತು.

ಊರಿನವರು ಇದಕ್ಕೆ ಎಂದೋ ಹೊಂದಿಕೊಂಡಿದ್ದರು. ಗಂಡಹೆಂಡಿರು ನಡೆಯುತ್ತ ಜಗಳವಾಡುತ್ತಿರಲಿಲ್ಲ. ಹೋಗು ನಿಮ್ಮವ್ವನ ಮನೆಗೆ ಎಂದು ಯಾರಾದರೂ ಅಂದರೆ ಇಬ್ಬರೂ ಮುಂದಿನ ತಿರುವಿನಲ್ಲಿ ಆಕೆಯ ಹೊಸ್ತಿಲ ಮುಂದೆಯೇ ನಿಲ್ಲುತ್ತಿದ್ದರು, ಅತ್ತೆಯಾದವಳು ಮತ್ತೆ ಅವರಿಬ್ಬರಿಗೂ ಊಟ ಹಾಕಬೇಕಾಗುತ್ತಿತ್ತು. ಓಣಿಗಳು ನೆಚ್ಚುತ್ತಿದ್ದುದು ಮನೆ ಮನೆಯ ಮುಂದಿನ ಫಲಕವನ್ನು. ಫಲಕದಲ್ಲಿ ಒಂದೇ ಮಾತನ್ನು ಒತ್ತೊತ್ತಿ ಬರೆದರೆ ಅವು ಮುಖ ತಿರುಗಿಸುತ್ತಿದ್ದವು. ಇಲ್ಲದ್ದನ್ನು ಇದೆಯೆಂದು ಬರೆದರೆ ಮುನಿದು ಆ ಮನೆಯ ಕಡೆ ಯಾರನ್ನೂ ಕಳಿಸುತ್ತಿರಲಿಲ್ಲ. ಚಿತ್ರಗಳಂತೂ ಅವುಗಳಿಗೆ ಕಾಣುತ್ತಲೇ ಇರಲಿಲ್ಲ. ಹಲ್ಲಿನ ವೈದ್ಯರೊಬ್ಬರು ತಮ್ಮ ಗೋಡೆಯ ಮೇಲೆ ಆಳೆತ್ತರದ ದವಡೆಯೊಂದನ್ನು ಬರೆಸಿ, ಕೆಳಗೆ ಅದೇನೆಂದು ಬರೆಸದೆ ಉಳಿದು, ಇಡೀ ವರ್ಷ ನೊಣ ಹೊಡೆಯುತ್ತ ಕುಳಿತಿದ್ದರಂತೆ.

ಯಾರೂ ತುಳಿಯದ ಓಣಿ ಕಿರಿದಾಗುತ್ತಿತ್ತು, ಕಿರಿದಾಗುತ್ತ ಹೋಗಿ ಒಂದು ದಿನ ಮುಚ್ಚಿಕೊಳ್ಳುತ್ತಿತ್ತು. ಮನೆಯವರು ಅದಕ್ಕೆ ಮೊದಲೇ ಗಂಟುಮೂಟೆ ಕಟ್ಟಿಕೊಂಡು ನೆಂಟರಲ್ಲಿಗೆ ಹೊರಡಬೇಕಿತ್ತು. ಇನ್ನು ಊರು ಬಿಡುವುದು ಎಲ್ಲಕ್ಕಿಂತ ಪ್ರಯಾಸದ ಕೆಲಸ. ಊರ ಬಾಗಿಲಿನಲ್ಲಿದ್ದ ಸುಂಕದ ನಾಕೆಯ ಫಲಕವನ್ನು ಯಾವನೋ ಕಚೇರಿಯ ಮನುಷ್ಯ ಬರೆಸಿದ್ದ: ನಿರ್ಗಮನ ಶುಲ್ಕ ವಸೂಲಾತಿ ಕೇಂದ್ರ. ಹೊರಡುವವರು ಇದನ್ನು ಬಾಯಿಪಾಠ ಮಾಡಿ, ನಾಲಿಗೆ ತೊಡರದಂತೆ ಹೇಳಿದರೆ ಮಾತ್ರ ದಾರಿ. ತಡವರಿಸಿದವರು ಸಂಜೆಯವರೆಗೂ ಸುತ್ತಿ ಮತ್ತೆ ಚೌಕಕ್ಕೆ ಬಂದು ದಸ್ತಗೀರ್ ಸಾಹೇಬರ ಚಹಾ ಕುಡಿಯುತ್ತಿದ್ದರು. ನಾನು ಎಲ್ಲಿಯೂ ನೆಲೆ ನಿಲ್ಲದವನಾದ್ದರಿಂದ ಬಂದ ದಿನವೇ ಆ ಮಾತನ್ನು ಕಲಿತು ಇಟ್ಟುಕೊಂಡೆ.

ಮರುದಿನವೇ ಹೊರಡಬೇಕೆಂದಿದ್ದವನ ಹೆಗಲ ಚೀಲದ ಪಟ್ಟಿ ಕಿತ್ತುಹೋಯಿತು. ಹರಿದದ್ದು ಹೊಲಿಯುವವರು ಯಾರಾದರೂ ಇದ್ದಾರೆಯೇ ಎಂದು ಗೊಣಗಿಕೊಂಡು ನಡೆದೆ. ಕಾಲುಗಳು ಹೊಕ್ಕ ಓಣಿ ಎಷ್ಟು ಇಕ್ಕಟ್ಟಾಗಿತ್ತೆಂದರೆ ಚೀಲವನ್ನು ತಲೆಯ ಮೇಲಿಟ್ಟುಕೊಂಡು ಅಡ್ಡಡ್ಡ ನಡೆಯಬೇಕಾಯಿತು. ಕೊನೆಯಲ್ಲಿ ಒಂದು ಮನೆ, ಪಡಸಾಲೆಯ ತುಂಬ ಹಾಸಿದ ಕೌದಿ, ಅದರ ಆ ತುದಿಯಲ್ಲೊಬ್ಬಳು ಈ ತುದಿಯಲ್ಲೊಬ್ಬಳು ವಯಸ್ಸಾದ ಹೆಂಗಸು, ಇಬ್ಬರ ಕೈಯಲ್ಲೂ ಸೂಜಿ.

ಆ ತುದಿಯವಳು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, "ವೈನೀ, ಯಾರೋ ಬಂದಾರ. ಹಲ್ಲು ನೋಯ್ತಾವೇನ ಕೇಳು," ಎಂದಳು.

"ಹಲ್ಲು ನೋಯ್ತಿದ್ರೂ ಬಂದವರು ಬಂದವರ ಅಲ್ಲೇನ ಇಂದ್ರಾ. ಕುಂದ್ರಪಾ ತಮ್ಮಾ," ಎಂದಳು ಈ ತುದಿಯವಳು.

ಈಕೆ ಬಾಳವ್ವ, ಮನೆಯೊಡತಿ. ಆಕೆ ನಾದಿನಿ ಇಂದ್ರವ್ವ, ಗಂಡ ತೀರಿದ ಮೇಲೆ ತವರಿಗೆ ಮರಳಿದವಳು. ಹಳೆಯ ಸೀರೆ, ಅಂಗಿ, ಲಂಗಗಳ ತುಂಡುಗಳನ್ನು ಜೋಡಿಸಿ ಕೌದಿ ಹೊಲಿಯುವುದು ಇಬ್ಬರ ಬದುಕು. ಒಬ್ಬಳೇ ಕುಳಿತು ಕೌದಿ ಹೊಲಿಯುವ ರೂಢಿ ಆ ಊರಿನಲ್ಲಿಲ್ಲ. ಎರಡು ತುದಿಗಳಿಂದ ಇಬ್ಬರು ಹೊರಟು, ಮಾತಾಡುತ್ತ, ಬೈದಾಡುತ್ತ ನಡುವಿನಲ್ಲಿ ಸೇರಬೇಕು. ಇಂದ್ರವ್ವ ಮರಳಿ ಬಂದಂದಿನಿಂದ ಇವರು ಹಾಗೆಯೇ ಸೇರುತ್ತ ಬಂದಿದ್ದರು. ಈಗ ಓಣಿ ಮುಚ್ಚಿದರೆ ಬಾಳವ್ವ ತನ್ನ ತಮ್ಮನ ಊರಿಗೆ, ಇಂದ್ರವ್ವ ತನ್ನ ಮಗಳ ಊರಿಗೆ. ಒಂದು ಮೂಡಣಕ್ಕೆ, ಇನ್ನೊಂದು ಪಡುವಣಕ್ಕೆ. ಇಂದ್ರವ್ವ ಇದನ್ನು ನನಗೆ ಚೀಲದ ಪಟ್ಟಿ ಹೊಲಿಯುತ್ತಲೇ ಹೇಳಿದಳು, ಬೇರೆ ಯಾರದೋ ಮನೆಯ ಸುದ್ದಿಯೆಂಬಂತೆ. ಮೊದಲು ಓಣಿಯ ಅಡ್ಡಗಲಕ್ಕೆ ಒಂದು ಪೂರ್ತಿ ಕೌದಿ ಹಾಸಿ ಒಣಗಿಸುತ್ತಿದ್ದರಂತೆ. ಆಮೇಲೆ ಮಡಿಸಿ ಹಾಸತೊಡಗಿದರು. ಈಗ ಹೆಗಲ ಮೇಲೆ ಹಾಕಿಕೊಂಡು ನಿಂತರೆ ಮಾತ್ರ ಒಣಗುತ್ತದೆ.

ಕಾರಣ ಬಾಗಿಲ ಮೇಲೆಯೇ ಇತ್ತು. ಊರಿನ ಹಿರಿಯ ಫಲಕಕಾರ ವೆಂಕೋಬರಾಯರು ಬಲು ಅಕ್ಕರೆಯಿಂದ ಬರೆದುಕೊಟ್ಟ ಫಲಕ ಅದು. ಕೌದಿ, ಒಳ್ಳೆ ಕೌದಿ, ಬಣ್ಣದ ಕೌದಿ, ಕೌದಿ ಎಂದರೆ ಕೌದಿ, ಕೌದಿಗಾಗಿ ಕೌದಿಯ ಮನೆ. ಅಷ್ಟಾದರೂ ಜನ ಬರದಿದ್ದಾಗ, ಊರವರು ಹೆಚ್ಚಾಗಿ ಏನು ಕೇಳುತ್ತಾರೋ ಅದೆಲ್ಲ ಇರಲಿ ಎಂದು ಅಂಚಿನಲ್ಲಿ ಜಿಲೇಬಿ, ಮದುವೆ ಮಂಟಪ, ಹಲ್ಲುನೋವು ಎಂದೂ ಸೇರಿಸಿದ್ದರು. ಒಂದು ವಾರ ದವಡೆ ಊದಿದವರು ಸಾಲುಗಟ್ಟಿ ಬಂದರು. ಇಂದ್ರವ್ವ ಎಲ್ಲರ ಹಲ್ಲಿಗೂ ಲವಂಗ ಇಟ್ಟು ಕಳಿಸಿದಳು. ಆಮೇಲೆ ಓಣಿ ಮುನಿಯಿತು. ನನ್ನನ್ನು ಕರೆತಂದದ್ದು ಆ ಫಲಕವಲ್ಲ, ಅದರ ಕೆಳಗೆ ಇಂದ್ರವ್ವ ಇದ್ದಿಲಿನಿಂದ ಗೀಚಿದ್ದ ಸಾಲು: ಹರಿದ ಬಟ್ಟಿ ಇದ್ರ ಹೊರಗ ಒಗೀಬ್ಯಾಡ್ರಿ, ನಮಗ ಕೊಡ್ರಿ.

ಪಡಸಾಲೆಯ ಬಿದಿರು ಗಳುವಿನ ಮೇಲೆ ಒಂದು ಕೌದಿ ತೂಗುತ್ತಿತ್ತು. ನಾನು ಕಂಡ ಕೌದಿಗಳಲ್ಲೆಲ್ಲ ಚೆಲುವಾದದ್ದು, ಆದರೆ ಅದರ ಒಂದು ಮೂಲೆ ಬರಿದಾಗಿತ್ತು. ಕೇಳಿದ್ದಕ್ಕೆ ಬಾಳವ್ವ ಹೇಳಿದಳು: ಮನೆಯ ಕೌದಿಯ ನಾಲ್ಕನೆಯ ಮೂಲೆಗೆ ಮನೆಯಿಂದ ಕೊನೆಗೆ ಹೊರಟುಹೋದ ಅತಿಥಿಯ ಬಟ್ಟೆಯೇ ಆಗಬೇಕು, ಅತಿಥಿ ಹೊರಡುವಾಗಲೇ ಅದನ್ನು ಕೊಡಬೇಕು. ಹಲ್ಲುನೋವಿನವರು ಅತಿಥಿಗಳಲ್ಲ. ನಾನು ನಾಳೆ ಊರು ಬಿಟ್ಟು ಹೋಗುವವನು, ನನ್ನ ಚೌಕಳಿ ಟವೆಲ್ಲಿನ ತುದಿಯನ್ನು ಈಗಲೇ ಕೊಡುತ್ತೇನೆ ಎಂದೆ. "ಹೋಗೋ ಮುಂದ ಕೊಡು. ಗಡಿಬಿಡಿ ಏನೈತಿ," ಎಂದು ಆಕೆ ಸೂಜಿಗೆ ದಾರ ಪೋಣಿಸಿದಳು.

ಪಟ್ಟಿ ಹೊಲಿದುಕೊಟ್ಟ ಉಪಕಾರಕ್ಕೆ ಹೊಸ ಫಲಕ ಬರೆದುಕೊಡುವುದಾಗಿ ಮಾತು ಕೊಟ್ಟೆ. ಒಂದು ದಿನದ ಕೆಲಸ ಎಂದುಕೊಂಡಿದ್ದೆ. ನಾನು ಓದಿದ್ದ ಸಾಹಿತ್ಯವೆಲ್ಲ ಅಂದು ಕೈಗೆ ಬಂದು, ಹೇಮಂತದ ನಿಷ್ಕರುಣ ಯಾಮಿನಿಯಲ್ಲಿ ಕಂಪಿಸುವ ದೇಹಗಳಿಗೆ ಶತವರ್ಣದ ಬೆಚ್ಚನೆಯ ಆಲಿಂಗನ ಎಂದು ಬರೆದೆ. ಬರೆದು, ನಾಲ್ಕು ಹೆಜ್ಜೆ ಹಿಂದೆ ಸರಿದು, ನನಗೆ ನಾನೇ ತಲೆದೂಗಿದೆ. ಮಧ್ಯಾಹ್ನದ ಹೊತ್ತಿಗೆ ಒಬ್ಬರ ಹಿಂದೊಬ್ಬರು ಅಡ್ಡಡ್ಡ ನಡೆಯುತ್ತ ಹೊಸ ಮದುಮಕ್ಕಳಿಬ್ಬರು ಬಂದರು, ಸೂಜಿ ಹಿಡಿದ ಇಬ್ಬರು ಮುದುಕಿಯರನ್ನು ಕಂಡು ಕಿವಿಯವರೆಗೂ ಕೆಂಪಾಗಿ ಹಿಂತಿರುಗಿದರು. ಅವರ ಬೆನ್ನಿಗೇ ನಾಟಕದ ಕಂಪನಿಯೊಂದರ ಮ್ಯಾನೇಜರು, ರಾಜಕುಮಾರನ ಪಾತ್ರಕ್ಕೆ ಮಾತು ಬರೆಯುವವರು ಇಲ್ಲಿದ್ದಾರೆಯೇ ಎಂದು ಕೇಳಿಕೊಂಡು ಬಂದ. ಕೌದಿ ಕೇಳಿ ಒಬ್ಬರೂ ಬರಲಿಲ್ಲ. ಇಂದ್ರವ್ವ ನಕ್ಕು ನಕ್ಕು ಸೂಜಿ ಕಳೆದುಕೊಂಡಳು, ಅದನ್ನು ಹುಡುಕುವುದರಲ್ಲೇ ಆ ಸಂಜೆ ಮುಗಿಯಿತು.

ಮರುದಿನ, ಇವತ್ತಿನ ಮಟ್ಟಿಗೆ ಇರುತ್ತೇನೆ, ನಾಳೆ ಹೊರಡುತ್ತೇನೆ ಎಂದು ಹೇಳಿ ನಾನು ಚೌಕಕ್ಕೆ ಹೋಗಿ ದಸ್ತಗೀರ್ ಸಾಹೇಬರ ಬೆಂಚಿನ ಮೇಲೆ ಕುಳಿತೆ. ಜನ ನಿಜಕ್ಕೂ ಏನು ಹೇಳಿ ಹೊರಡುತ್ತಾರೆಂದು ಕೇಳಿಸಿಕೊಳ್ಳುವುದೇ ನನ್ನ ಕೆಲಸ. ಅಚ್ಚರಿಯೆಂದರೆ, ಕೌದಿ ಬೇಕಾದವರು ಯಾರೂ ಕೌದಿ ಎನ್ನುತ್ತಲೇ ಇರಲಿಲ್ಲ. ಒಬ್ಬಾಕೆ, ಅತ್ತೆಗೆ ಮುಂಜಾನೆ ಮೊಣಕಾಲು ಮಂಜಿನಂತಾಗುತ್ತವೆ, ಏನಾದರೂ ಬೆಚ್ಚಗಿನದು ಬೇಕು ಎಂದಳು. ಇನ್ನೊಬ್ಬಾಕೆ, ಅವ್ವನ ಸೀರೆಗಳು ಪೆಟ್ಟಿಗೆಯಲ್ಲಿ ಉಳಿದಿವೆ, ಉಡಲಾರೆ, ಎಸೆಯಲೂ ಮನಸ್ಸಿಲ್ಲ ಎಂದಳು. ಕೂಸು ಹೊದ್ದದ್ದನ್ನೆಲ್ಲ ಒದೆಯುತ್ತದೆ, ಸ್ವಲ್ಪ ಭಾರದ ಹೊದಿಕೆ ಸಿಗುತ್ತದೆಯೇ ಎಂದ ಒಬ್ಬ ತಂದೆ. ಇವರೆಲ್ಲ ಎಲ್ಲೆಲ್ಲಿಗೋ ಹೋಗಿ, ಎಣ್ಣೆಯನ್ನೋ ಮುಲಾಮನ್ನೋ ಹಿಡಿದುಕೊಂಡು ಹಿಂತಿರುಗುತ್ತಿದ್ದರು. ನಾನು ಅವರ ಮಾತುಗಳನ್ನು ಬಾಯಲ್ಲೇ ಹೊರಳಿಸುತ್ತ ಮನೆಗೆ ಬಂದು, ಫಲಕ ಅಳಿಸಿ, ಬೇರೆ ಬರೆದೆ: ಅವ್ವನ ಹಳೆ ಸೀರಿ ಪೆಟ್ಟಿಗ್ಯಾಗ ಇದ್ರ ತರ್ರಿ, ಕೌದಿ ಹೊಲಿದು ಕೊಡ್ತೀವಿ. ವಯಸ್ಸಾದವರ ಮೊಣಕಾಲಿಗೆ ಬೆಚ್ಚಗ, ಕೂಸು ಒದ್ರೂ ಜಾರದಷ್ಟು ಭಾರ. ಕೌದಿಯೆಂಬ ಮಾತು ಒಂದೇ ಸಲ, ಬರಬೇಕಾದಲ್ಲಿ ಮಾತ್ರ ಬಂದಿತ್ತು.

ಮರುದಿನ ಮುಂಜಾನೆ ಚಾ ಕುಡಿಯುವುದರೊಳಗೆ ಪೆಟ್ಟಿಗೆಯ ಸೀರೆಯವಳು ಬಾಗಿಲಲ್ಲಿದ್ದಳು. ಸಂಜೆ ಕೂಸಿನ ತಂದೆ ಬಂದ. ಆ ಚಳಿಗಾಲ ಪೂರ್ತಿ ಜನ ಬರುತ್ತಲೇ ಇದ್ದರು, ಓಣಿ ಮಡಿಸಿದ ಕೌದಿ ಹಾಸುವಷ್ಟು ಅಗಲವಾಯಿತು. ವೆಂಕೋಬರಾಯರೂ ಒಂದು ದಿನ ಬಂದು, ಫಲಕವನ್ನು ಓದಿ, ತಮ್ಮದರಲ್ಲಿ ಕೌದಿಗಳು ಎಷ್ಟೊಂದಿದ್ದವು ಎಂದು ನಿಟ್ಟುಸಿರಿಟ್ಟು, ತಮಗೊಂದು ಹೊಲಿಯಲು ಹೇಳಿ ಹೋದರು. ನಾನು ಊಟದ ಲೆಕ್ಕದಲ್ಲಿ ಅಲ್ಲಿಯೇ ಪಡಸಾಲೆಯ ಮೂಲೆಯಲ್ಲಿ ಮಲಗುತ್ತಿದ್ದೆ. ಪ್ರತಿ ಮುಂಜಾನೆ ಎದ್ದು, ನಾಳೆ ಊರು ಬಿಟ್ಟು ಹೋಗುತ್ತೇನೆ ಎನ್ನುತ್ತಿದ್ದೆ. ಅತ್ತಿಗೆ ನಾದಿನಿಯರು ತಲೆಯೆತ್ತದೆ ಹೂಂಗುಟ್ಟುತ್ತಿದ್ದರು.

ಆದರೆ ಬೇಸಿಗೆ ಬಂತು. ಬಿಸಿಲಿನಲ್ಲಿ ಬೆಚ್ಚಗಿನದನ್ನು ಯಾರು ಕೇಳುತ್ತಾರೆ? ಓಣಿ ಹಿಂದಿನದಕ್ಕಿಂತ ಬೇಗ ಬಿಗಿಯತೊಡಗಿತು. ನಾನು ಗೋಡೆಯ ಮೇಲೆ, ಗಳುವಿನಲ್ಲಿದ್ದ ಆ ಚೆಲುವಾದ ಕೌದಿಯ ಚಿತ್ರವನ್ನು ತುಂಡು ತುಂಡಾಗಿ, ಬಣ್ಣ ತಪ್ಪದಂತೆ ಬರೆದೆ. ಕೆಳಗೆ, ಚೆಂದದ ಕೌದಿಯ ಚಿತ್ರ ಎಂದು ಬರೆದೆ. ಒಂದು ನರಪಿಳ್ಳೆಯೂ ಬರಲಿಲ್ಲ. ಇಂದ್ರವ್ವ ಸೊಂಟದ ಮೇಲೆ ಕೈಯಿಟ್ಟು ಅದನ್ನು ನೋಡಿ, "ಅಲ್ಲೋ ತಮ್ಮಾ, ಚಿತ್ರದಾಗ ಏನೈತಿ ಅಂತ ಕೇಳಿದ್ರ ಚಿತ್ರ ಐತಿ ಅಂದಂಗಾತಲ್ಲ ಇದು," ಎಂದಳು. ಕಣ್ಣಿಲ್ಲದವರಿಗೆ ಕೈಹಿಡಿದು ತೋರಿಸುವಂತೆ ಹೇಳಬೇಕಂತೆ. ಆಗ ಇಬ್ಬರೂ ಒಂದೊಂದೇ ತುಂಡಿನ ಮೇಲೆ ಬೆರಳಿಟ್ಟು ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. ನಡುವೆ ಕೆಂಪು ದಡಿಯದು ಬಾಳವ್ವ ಮದುವೆಯಲ್ಲಿ ಉಟ್ಟ ಸೀರೆಯ ಸೆರಗು. ಅದರ ಬದಿಗೆ ಖಾಕಿ, ಇಂದ್ರವ್ವನ ಗಂಡ ಬಸ್ಸು ಓಡಿಸುವಾಗ ತೊಡುತ್ತಿದ್ದ ಅಂಗಿಯ ಜೇಬು, ಜೇಬು ಹಾಗೆಯೇ ಇದೆ, ಕೈ ಹಾಕಬಹುದು. ಮೂರು ಮೂಲೆಗಳನ್ನು ಮುಗಿಸಿ ನಾಲ್ಕನೆಯದಕ್ಕೆ ಬಂದಾಗ ನಾನು ಕುಂಚ ಕೆಳಗಿಟ್ಟೆ. ಇಲ್ಲದ್ದನ್ನು ಬರೆಯುವಂತಿರಲಿಲ್ಲ.

ಆ ಬರಹ ಕೆಲವರನ್ನು ತಂದಿತು. ಬಸ್ಸು ಓಡಿಸುತ್ತಿದ್ದವನ ಹಳೆಯ ಗೆಳೆಯನೊಬ್ಬ ಹೇಗೋ ಬಂದು, ಜೇಬಿನಲ್ಲಿ ಕೈಯಿಟ್ಟು ಬಹಳ ಹೊತ್ತು ನಿಂತು, ಅತ್ತು, ನಕ್ಕು, ಊಟ ಮಾಡಿ ಹೋದ. ಆದರೆ ಓಣಿಯನ್ನು ಹಿಡಿದು ನಿಲ್ಲಿಸಲು ಅಷ್ಟು ಕಾಲ್ತುಳಿತ ಸಾಲದು. ಮತ್ತೆ ಅಡ್ಡಡ್ಡ ನಡೆಯುವ ದಿನ ಬಂತು. ಬಾಳವ್ವ ತಾಮ್ರದ ಹಂಡೆಯನ್ನು ಓಣಿಯಲ್ಲಿ ಹಿಡಿದು ನೋಡಿ, ಇನ್ನು ತಡಮಾಡಿದರೆ ಇದು ಹೊರಗೆ ಹೋಗುವುದಿಲ್ಲ ಎಂದಳು. ಇಂದ್ರವ್ವ ಎರಡು ಗಂಟು ಕಟ್ಟತೊಡಗಿದಳು. ದಾರದ ಉಂಡೆಗಳನ್ನು ನನಗಿಷ್ಟು ನಿನಗಿಷ್ಟು ಎಂದು ಹಂಚುವಾಗ ಮಾತ್ರ ಆಕೆ ಅತ್ತಿಗೆಯನ್ನು ಒಮ್ಮೆಯೂ ಬೈಯಲಿಲ್ಲ. ಬೈಗುಳವಿಲ್ಲದ ಇಂದ್ರವ್ವನನ್ನು ನಾನು ಅಂದೇ ಮೊದಲು ಕಂಡದ್ದು.

ಅದನ್ನು ಕಣ್ಣಾರೆ ನೋಡುವ ಧೈರ್ಯ ನನಗಿರಲಿಲ್ಲ. ಇವತ್ತೇ ಊರು ಬಿಡುತ್ತೇನೆ ಎಂದೆ. ನಾಳೆಯಲ್ಲ ಇವತ್ತು ಎಂದದ್ದನ್ನು ಕೇಳಿ ಇಬ್ಬರೂ ತಲೆಯೆತ್ತಿದರು. ಟವೆಲ್ಲಿನ ತುದಿ ಹರಿದು ಕೊಟ್ಟೆ. ಆ ತುದಿಯಿಂದ ಒಬ್ಬಳು ಈ ತುದಿಯಿಂದ ಒಬ್ಬಳು ಅಲ್ಲಿಯೇ ಕುಳಿತು ಆ ಮೂಲೆಯನ್ನು ಹೊಲಿದು ಮುಗಿಸಿದರು. ಗೋಡೆಯ ಚಿತ್ರದಲ್ಲಿಯೂ ಬರಿದಾಗಿದ್ದ ಮೂಲೆಗೆ ಚೌಕಳಿ ಬರೆದು ನಾನು ನನ್ನ ಕೆಲಸ ಪೂರೈಸಿದೆ. ಕೆಳಗಿನ ಸಾಲು ಬರೆಯಹೊರಟರೆ ಬಾಳವ್ವ ಕುಂಚ ಕಸಿದುಕೊಂಡು, ಬರೆಯಲು ತನಗೂ ಬರುತ್ತದೆ, ನೀನು ಬಿಸಿಲೇರುವ ಮೊದಲು ಹೊರಡು ಎಂದಳು.

ಚೌಕದಲ್ಲಿ ದಸ್ತಗೀರ್ ಸಾಹೇಬರು ಕೊನೆಯ ಚಹಾ ಎಂದು ಹೇಳಿ ಮೂರು ಗ್ಲಾಸು ಕುಡಿಸಿದರು. ಏಳುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ನಾಕೆಯ ಹೆಸರು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿಯೇ ಇತ್ತು. ಆದರೆ ಅವರು, ಎಲ್ಲಿಗೆ ಸವಾರಿ ಎಂದು ಕೇಳಿದಾಗ ಮನಸ್ಸು ಭಾರವಾಗಿ ಎಲ್ಲ ಮರೆತು, "ಊರು ಬಿಟ್ಟು ಹೋಗುತ್ತಿದ್ದೇನೆ ಸಾಹೇಬರೇ," ಎಂದು ಹೇಳಿ ಹೆಜ್ಜೆ ಹಾಕಿದೆ. ಎರಡು ತಿರುವು ದಾಟಿದ ಮೇಲೆ ಎದುರಿಗೆ ಬಾಳವ್ವನ ಬಾಗಿಲಿತ್ತು.

ನಾನು ಅಡ್ಡಡ್ಡ ನಡೆಯದೆ ಬಂದಿದ್ದೆನೆಂಬುದು ಆಮೇಲೆ ಹೊಳೆಯಿತು. ನನ್ನ ಹಿಂದೆಯೇ ಬಳೆಗಾರ ಚೆನ್ನಬಸಪ್ಪ ತನ್ನ ಬಳೆಗಳ ಮಲಾರ ಹೊತ್ತು ಬಂದ. ನಾಕೆಯ ಹೆಸರು ಅವನ ಬಾಯಲ್ಲಿ ಎಂದೂ ನೆಟ್ಟಗೆ ಬಂದದ್ದಿಲ್ಲ, ಬೇಸತ್ತು, ಈ ಊರು ಬಿಟ್ಟು ಹೋದರೆ ಸಾಕು ಎಂದಿದ್ದನಂತೆ. ಅವನ ಹಿಂದೆ ವರ್ಗವಾದ ಶಾಲೆಯ ಮಾಸ್ತರರು, ಅವರ ಹೆಂಡತಿ, ಪಂಜರದಲ್ಲಿ ಗಿಳಿ. ಅವರೂ ಮುಂಜಾನೆಯಿಂದ ಊರು ಬಿಡುವ ಪ್ರಯತ್ನದಲ್ಲಿದ್ದವರೇ. ಇಂದ್ರವ್ವ ಕಟ್ಟಿದ ಗಂಟನ್ನು ಬಿಚ್ಚಿ ಲೋಟಗಳನ್ನು ತೆಗೆದು ಎಲ್ಲರಿಗೂ ನೀರು ಕೊಡುತ್ತಿದ್ದಳು. ನಾನು ಗೋಡೆಯ ಕಡೆ ನೋಡಿದೆ. ಚಿತ್ರದ ಕೆಳಗೆ ಬಾಳವ್ವನ ದಪ್ಪ ದಪ್ಪ ಅಕ್ಷರ ಆಗಷ್ಟೇ ಆರಿತ್ತು: ನಾಲ್ಕನೆ ಮೂಲಿ ಚೌಕಳಿ ಟವೆಲ್ಲಿಂದು. ನಮ್ಮ ಬೋರ್ಡ್ ಬರಿಯೋ ತಮ್ಮಂದು. ನಾಳೆ ಊರು ಬಿಟ್ಟು ಹೋಗ್ತೀನಿ ಅಂತ ದಿನಾ ಮುಂಜಾನೆ ಹೇಳ್ತಾನ, ಇನ್ನೂ ಇಲ್ಲೇ ಅದಾನ. ಊರು ಬಿಟ್ಟು ಹೋಗುವ ಮಾತನ್ನು ಜನ ಆಡುವಂತೆಯೇ ಬರೆದಿದ್ದ ಫಲಕ ಇಡೀ ಊರಿನಲ್ಲಿ ಇದೊಂದೇ.

"ನಾನು ಹೋದ ಮೇಲೆ ಇಲ್ಲೇ ಇದ್ದಾನೆಂದು ಬರೆಯಬಹುದೇ ಬಾಳಕ್ಕಾ?" ಎಂದೆ.

"ಬರಿಯೋ ಮುಂದ ನೀ ಚೌಕದಾಗ ಚಾ ಕುಡಕೋತ ಕುಂತಿದ್ದಿ. ಖರೇನ ಬರದೀನಿ," ಎಂದಳು ಆಕೆ.

ಮಾತು ತಿಳಿದ ಮೇಲೆ ಓಣಿಗಳು ಹೊರಟವರನ್ನು ಅರ್ಧದಾರಿಯಲ್ಲಿ ಬಿಡುವಂಥವಲ್ಲ. ಮಾಸ್ತರರ ಹೆಂಡತಿ ನೀರು ಕುಡಿದು, ಹೊಸ ಊರಿನಲ್ಲಿ ಯಾರ ಗುರುತೂ ಇಲ್ಲ, ಇಲ್ಲಿಯದು ಏನಾದರೂ ಜೊತೆಗಿರಲಿ ಎಂದು ಒಂದು ಕೌದಿ ಆರಿಸಿಕೊಂಡಳು. ಅದನ್ನು ಕಟ್ಟಿಕೊಡುವಾಗ ಇಂದ್ರವ್ವ ಹಿತ್ತಲ ಬಾಗಿಲು ತೆರೆದಳು. ನಿನ್ನೆಯವರೆಗೆ ಬೂದಿಗುಂಡಿಯಿದ್ದಲ್ಲಿ ಡಾಂಬರು ರಸ್ತೆ ಬಿಸಿಲಿಗೆ ಹೊಳೆಯುತ್ತ ದೂರದವರೆಗೆ ಚಾಚಿಕೊಂಡಿತ್ತು. ಗಿಳಿ, ಮಾಸ್ತರು, ಬಳೆಗಾರ ಎಲ್ಲರೂ ಆ ಬಾಗಿಲಿನಿಂದಲೇ ಹೊರಟುಹೋದರು. ಸಂಜೆಯೊಳಗೆ ಊರು ಬಿಡುವವರೆಲ್ಲ ಇತ್ತಲೇ ಬರತೊಡಗಿದರು, ನೀರು ಕುಡಿದರು, ದಣಿವಾರಿಸಿಕೊಂಡರು, ದಾರಿಗೆ ಹಾಸಲಿಕ್ಕೆ ಹೊದೆಯಲಿಕ್ಕೆ ಎಂದು ಕೌದಿ ಕೊಂಡರು. ಪಯಣಕ್ಕೆ ಬೇಸಿಗೆಯೇನು, ಚಳಿಯೇನು. ಬಾಳವ್ವ ಹಂಡೆಯನ್ನು ಬಚ್ಚಲಿಗೆ ಮರಳಿ ಇಟ್ಟಳು.

ಕೊನೆಗೆ ಬಾಗಿಲಲ್ಲಿ ಉಳಿದವನು ನಾನೊಬ್ಬನೇ. ಲಾರಿಯೊಂದು ನಿಧಾನಿಸಿ, ಚಾಲಕ ಹತ್ತುತ್ತೀಯಾ ಎಂಬಂತೆ ಕೈಯಾಡಿಸಿದ. ನಾನು ಎಂದೂ ಯಾವ ಲಾರಿಗೂ ಬೇಡವೆಂದವನಲ್ಲ. ಒಂದು ಕಾಲು ಹೊಸ್ತಿಲಾಚೆ ಇಟ್ಟವನಿಗೆ ಗೋಡೆಯ ಮೇಲಿನ ಸಾಲು ನೆನಪಾಯಿತು. ನಾನು ಹತ್ತಿದರೆ ಆ ಸಾಲು ಸುಳ್ಳಾಗುತ್ತದೆ, ಸುಳ್ಳು ಬರೆದ ಮನೆಯನ್ನು ಓಣಿಗಳು ಏನು ಮಾಡುತ್ತವೆಂದು ನನಗೆ ಗೊತ್ತಿತ್ತು. ಅಳಿಸಿ ಹೋಗೋಣವೆಂದರೆ ಕಾಲ್ತುಳಿತವೆಲ್ಲ ಅದರಿಂದಲೇ. ಹಿಂದೆ ತಿರುಗಿ ನೋಡಿದೆ. ಇಬ್ಬರೂ ಒಂದು ಹೊಸ ಕೌದಿಯ ಎರಡು ತುದಿಗಳಲ್ಲಿ ಕುಳಿತು, ನನ್ನನ್ನು ನೋಡಲೇಬಾರದೆಂಬ ಶಪಥ ತೊಟ್ಟವರಂತೆ ಹೊಲಿಯುತ್ತಿದ್ದರು. ಇಂದ್ರವ್ವನ ಸೂಜಿಯಲ್ಲಿ ದಾರವೇ ಇರಲಿಲ್ಲ. ಲಾರಿಯವನಿಗೆ ನಾಳೆ ಎಂದು ಸನ್ನೆ ಮಾಡಿದೆ.

ಈಗ ಓಣಿಯಲ್ಲಿ ಎರಡು ಕೌದಿಗಳನ್ನು ಅಕ್ಕಪಕ್ಕದಲ್ಲಿ ಹಾಸಿ ಒಣಗಿಸುತ್ತೇವೆ. ನಾಕೆಯವರು ತಮ್ಮ ಫಲಕದ ಸಮೇತ ಬಂದು ನಮ್ಮ ಹಿತ್ತಲಲ್ಲೇ ಮೇಜು ಹಾಕಿಕೊಂಡಿದ್ದಾರೆ. ದಿನಾ ಬೆಳಗಾಗುತ್ತಲೇ ಇಂದ್ರವ್ವ ನನ್ನ ಹೊದಿಕೆ ಎಳೆದು, "ಏಳಪಾ, ಹೊಂಟೀನಿ ಅಂತ ಹೇಳು, ಬಾಗಲಾ ತಗೀಬೇಕು," ಎನ್ನುತ್ತಾಳೆ. ಬಾಯಿ ಮಾತಿಗೆ ಹೇಳಿದರೆ ನಡೆಯುವುದಿಲ್ಲ, ಓಣಿಗಳಿಗೆ ತಿಳಿದುಹೋಗುತ್ತದೆ. ಆದ್ದರಿಂದ ನಾನು ಎದ್ದು, ಮುಖ ತೊಳೆದು, ಹಿತ್ತಲ ಬಾಗಿಲಿಗೆ ಬಂದು, ಆ ರಸ್ತೆಯನ್ನು ಕಣ್ತುಂಬ ನೋಡಿ, ಅದು ಮುಟ್ಟುವ ಊರುಗಳನ್ನೆಲ್ಲ ನೆನೆದು, ಮನಸ್ಸು ನಿಜವಾಗಿಯೂ ಕಿತ್ತೆದ್ದ ಮೇಲೆ ಹೇಳುತ್ತೇನೆ. ಇವತ್ತು ಮುಂಜಾನೆಯೂ ಹೇಳಿದ್ದೇನೆ. ಚೀಲ ಗೂಟದ ಮೇಲೆ ಸಿದ್ಧವಾಗಿದೆ, ಪಟ್ಟಿ ಗಟ್ಟಿಯಾಗಿದೆ. ನಾಳೆ ಊರು ಬಿಟ್ಟು ಹೋಗುತ್ತೇನೆ.